ನಾಲ್ಕನೆಯ ರಕಾತ್

ಇಳಿಹೊತ್ತಿನ ಅಸರ್ ನಮಾಜಿಗೆ ನಾಲ್ಕು ರಕಾತ್, ನಿಂತು ಬಾಗಿ ಹಣೆಯೂರುವ ನಾಲ್ಕು ಸುತ್ತು. ಮೂರನೆಯದು ಮುಗಿಯುತ್ತಲೇ ದರ್ಜಿ ಕುಳಿತುಬಿಟ್ಟ. ಇನ್ನೊಂದು ರಕಾತಿಗೆ ಏಳಬೇಕಿತ್ತು. ಅವನ ಹಿಂದೆ, ಮಂಚದ ಮೇಲೆ ಎರಡು ದಿಂಬುಗಳಿಗೆ ಒರಗಿ, ಅವನನ್ನೇ ಅನುಸರಿಸಿ ನಮಾಜು ಮಾಡುತ್ತಿದ್ದ ಹೆಂಡತಿ ಬಲಗೈಯ ಬೆರಳುಗಳಿಂದ ಎಡಗೈಯ ಹಿಂಬದಿಯನ್ನು ತಟ್ಟಿದಳು. ನಮಾಜು ಮಾಡಿಸುವವನು ತಪ್ಪಿದರೆ ಹಿಂದಿರುವ ಹೆಂಗಸು ಬಾಯಿ ತೆರೆಯುವಂತಿಲ್ಲ. ಹೀಗೆ ತಟ್ಟಿಯೇ ಎಚ್ಚರಿಸಬೇಕು. ಅವಳ ಕೈಯಲ್ಲಿ ಕಸುವಿರಲಿಲ್ಲ. ಮತ್ತೊಮ್ಮೆ ತಟ್ಟಿದಳು.

ದರ್ಜಿಗೆ ಸದ್ದೇನೋ ಕೇಳಿಸಿತು, ಮುಂದಿನ ಕೋಣೆಯ ಅಂಗಡಿಯ ಬಾಗಿಲು ಬಡಿದಂತೆ. ಕೋಟು ತೊಟ್ಟು ನೋಡಲು ಗಿರಾಕಿ ಬರುವ ಹೊತ್ತು ಅದು. ಕೋಟಿನ ಎಡತೋಳು ಭುಜದ ಬಳಿ ಹಿಡಿಯುತ್ತಿತ್ತು. ಎಲ್ಲಿ ಬಿಚ್ಚಿ ಎಷ್ಟು ಸಡಿಲಿಸಬೇಕೆಂಬುದು ಸಜ್ದಾದಲ್ಲಿ ಹಣೆ ಊರಿದ್ದಾಗ ಅವನಿಗೆ ಹೊಳೆದಿತ್ತು. ಓದಬೇಕಾದ್ದನ್ನು ಒಂದೇ ಉಸಿರಿಗೆ ಓದಿ, ಬಲಕ್ಕೂ ಎಡಕ್ಕೂ ಸಲಾಂ ಹೇಳಿ, ಹೋಗಿ ಬಾಗಿಲು ತೆರೆದ. ಹೊರಗೆ ಯಾರೂ ಇರಲಿಲ್ಲ.

ಒಳಗೆ ಬಂದಾಗ ಹೆಂಡತಿ ಇನ್ನೂ ನಮಾಜಿನಲ್ಲೇ ಇದ್ದಳು. ತಲೆಯನ್ನಷ್ಟೇ ಬಾಗಿಸಿ ಸಜ್ದಾ ಮಾಡಿ, ನಿಧಾನವಾಗಿ ಸಲಾಂ ಹೇಳಿ ಮುಗಿಸಿದಳು.

"ಯಾರು ರೀ ಬಂದಿದ್ದು?"

"ಯಾರೂ ಇಲ್ಲ. ಬಾಗಿಲು ಬಡಿದ ಹಾಗಾಯ್ತು."

ಅವಳು ನಕ್ಕಳು. "ಬಡಿದಿದ್ದು ನಾನು. ಮೂರಕ್ಕೇ ಕೂತ್ಬಿಟ್ರಿ. ಕೈ ನೋಯೋ ಹಾಗೆ ತಟ್ಟಿದೆ, ಮಹಾರಾಯರು ಎದ್ದರೆ ತಾನೇ! ಉಳಿದಿದ್ದನ್ನ ನಾನೇ ಮುಗಿಸ್ಕೊಂಡೆ. ಇನ್ನೂ ಹೊತ್ತಿದೆ, ನೀವೂ ಮಾಡಿಬಿಡಿ."

"ನಾಲ್ಕಾಗಿತ್ತು."

"ಮೂರು ರೀ. ನಿಮ್ಮ ಬೆರಳು ಚಾಪೆ ಮೇಲೆ ಗೇಣು ಹಾಕ್ತಿತ್ತು, ಇಲ್ಲಿಂದ ಕಾಣ್ತಿತ್ತು ನಂಗೆ. ಯಾರ ಕೋಟು ಅದು? ಮಾತ್ರೆ ನುಂಗಿದವಳು ನಾನು, ತೂಕಡಿಸಿದ್ದು ನೀವು!"

ಅವನೂ ನಕ್ಕುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕಾಯಿಲೆಯ ಮಾತ್ರೆಗಳ ಮಂಪರಿನಲ್ಲಿ ರಕಾತುಗಳ ಎಣಿಕೆ ತಪ್ಪೀತೆಂಬ ಹೆದರಿಕೆಯಿಂದ ಅವಳೇ ಅವನನ್ನು ಮುಂದೆ ನಿಲ್ಲಿಸಿಕೊಂಡಿದ್ದಳು. ಅದನ್ನೇ ಎತ್ತಿ ಆಡಿದ.

"ನಿನಗೆ ಎಣಿಕೆ ತಪ್ಪುತ್ತೆ ಅಂತ ತಾನೇ ನನ್ನ ನಿಲ್ಲಿಸಿದ್ದು? ಮಂಪರಲ್ಲಿ ಏನೇನೋ ಎಣಿಸಿ ನನಗೇ ಪಾಠ ಹೇಳ್ಬೇಡ."

ಅವಳ ನಗು ಇಳಿಯಿತು. ತನ್ನ ಕೈಯನ್ನೇ ನೋಡಿಕೊಂಡಳು. "ಇರಬಹುದು. ಈಗೀಗ ನಂಗೆ ಯಾವುದೂ ನೆಟ್ಟಗೆ ತಿಳಿಯಲ್ಲ" ಎಂದಳು.

ಅಂದು ಸಂಜೆಯೇ ದರ್ಜಿ ಮಸೀದಿಯ ಒಂದು ಮೂಲೆಯಲ್ಲಿ ನಿಂತು ಅಸರಿನ ನಾಲ್ಕೂ ರಕಾತುಗಳನ್ನು ಮತ್ತೆ ಮಾಡಿದ. ದೇವರೆದುರು ಒಪ್ಪಿಕೊಂಡದ್ದನ್ನು ಹೆಂಡತಿಯೆದುರು ಒಪ್ಪಿಕೊಳ್ಳಲು ಮಾತ್ರ ನಾಲಿಗೆ ಏಳಲಿಲ್ಲ. ಮರುದಿನದಿಂದ ಅವಳು ಅವನನ್ನು ಕರೆಯಲಿಲ್ಲ. ತಾನೊಬ್ಬಳೇ ಮಾಡುವಳು, ಸಲಾಂ ಹೇಳಿದ ಮೇಲೆ ಸ್ವಲ್ಪ ಹೊತ್ತು ಯೋಚಿಸುವಳು, ಮತ್ತೆ ಕೈಕಟ್ಟಿ ಮೊದಲಿಂದ ಶುರುಮಾಡುವಳು. ನೋಡಿಕೊಳ್ಳಲು ಬಂದಿದ್ದ ಮಗಳು ಹೊಲಿಗೆ ಯಂತ್ರದ ಬಳಿ ಬಂದು ನಿಂತಳು.

"ಅಬ್ಬಾ, ಅಮ್ಮಿ ಪ್ರತಿ ನಮಾಜನ್ನೂ ಎರಡೆರಡು ಸಲ ಮಾಡ್ತಿದ್ದಾರೆ. ಕೂತ್ಕೊಳ್ಳೋಕೇ ಆಗಲ್ಲ ಅವರಿಗೆ. ಯಾಕಂತೆ?"

"ಮಾತ್ರೆಯ ಮಂಪರು" ಎಂದು ದರ್ಜಿ ಯಂತ್ರ ತುಳಿದ.

ಒಂದು ಮಾತು ಸಾಕಿತ್ತು. ಈ ಅಂಗಿ ಮುಗಿಯಲಿ, ಆ ಗಿರಾಕಿ ಹೋಗಲಿ ಎನ್ನುತ್ತ ಐದು ದಿನ ದೂಡಿದ. ಆರನೆಯ ಬೆಳಗ್ಗೆ ಅಂಗಡಿ ತೆರೆಯದೆ ಮಂಚದ ಬಳಿ ಕುಳಿತು, "ಅವತ್ತು ಮೂರೇ ಆಗಿದ್ದು ಕಣೇ. ನೀನು ಸರಿಯಾಗೇ ಎಣಿಸಿದ್ದೆ" ಎಂದ. ಅವಳ ಕಣ್ಣು ಅರೆ ತೆರೆದಿತ್ತು. ತುಟಿ ಅಲುಗುತ್ತಿತ್ತು, ಅವನಿಗೆ ಉತ್ತರವಾಗಿ ಅಲ್ಲ. ಅವಳು ಯಾವುದೋ ನಮಾಜಿನಲ್ಲಿದ್ದಳು. ಅದು ಮೊದಲನೆಯ ಸಲದ್ದೋ ಎರಡನೆಯ ಸಲದ್ದೋ ಅವನಿಗೆ ತಿಳಿಯಲಿಲ್ಲ. ಮಧ್ಯಾಹ್ನದೊಳಗೆ ತೀರಿಕೊಂಡಳು.

ಹೆಣಕ್ಕೆ ಸುತ್ತುವ ಕಫನ್ ಬಟ್ಟೆಗೆ ಕತ್ತರಿ ಇಡಲು ದರ್ಜಿಯ ಕೈ ಬರಲಿಲ್ಲ. ನೆರೆಮನೆಯ ಹೆಂಗಸರೇ ಕತ್ತರಿಸಿದರು. ಹೆಣವನ್ನು ಎದುರಿಗಿಟ್ಟು ಮಾಡುವ ಜನಾಜಾ ನಮಾಜಿಗೆ ಅವನು ಮುಂದಿನ ಸಾಲಿನಲ್ಲಿ ನಿಂತ. ನಾಲ್ಕು ಸಲ 'ಅಲ್ಲಾಹು ಅಕ್ಬರ್' ಎಂದು ತಕ್ಬೀರ್ ಹೇಳಿದರೆ ಮುಗಿಯುವ ನಮಾಜದು. ಇದೊಂದು ನಮಾಜಿನಲ್ಲಾದರೂ ನನ್ನ ಮನಸ್ಸನ್ನು ನಿನ್ನ ಮುಂದೆ ನಿಲ್ಲಿಸು ದೇವರೇ ಎಂದು ಬೇಡಿಕೊಂಡು ಕೈಕಟ್ಟಿದ. ಮೊದಲನೆಯ ತಕ್ಬೀರ್ ಆಯಿತು, ಎರಡನೆಯದೂ ಆಯಿತು. ಮೇಲಿನ ಹೊದಿಕೆ ಒಂದು ಕಡೆ ಸರಿದು, ಕಫನ್ನಿನ ಅಂಚು ಕಾಣುತ್ತಿತ್ತು. ಕತ್ತರಿ ಅರ್ಧ ಬೆರಳಿನಷ್ಟು ಸೊಟ್ಟ ಹೋಗಿತ್ತು. ಗುರುತು ಹಾಕಿಕೊಳ್ಳದೆ ಕತ್ತರಿಸಿದ್ದಾರೆ. ಬಟ್ಟೆಯಿಂದ ಮೊದಲು ಒಂದು ಎಳೆಯನ್ನು ಎಳೆದು ತೆಗೆದು, ಆ ಗೀರಿನ ಮೇಲೆಯೇ ಕತ್ತರಿ ನಡೆಸಿದ್ದರೆ ಹೀಗಾಗುತ್ತಿರಲಿಲ್ಲ. ಅಂಚಿನ ಕಡೆಯಿಂದ ಹಿಡಿದು...

ಅಳಿಯ ಅವನ ಭುಜ ಮುಟ್ಟಿದ. "ಮುಗೀತು ಮಾವ. ಬನ್ನಿ, ಹೆಗಲು ಕೊಡಿ."