ಕುರ್ಚಿಯ ಮೇಲಿನ ಪೈನ್ ಕಾಯಿ

ಬಸಲಿಂಗವ್ವ ಕುರ್ಚಿಯ ಮೇಲಿದ್ದ ಪೈನ್ ಮರದ ಒಣ ಮುಳ್ಳುಕಾಯಿಯನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಆಸನ ಒರೆಸಿದಳು. ಊರುಗೋಲು ಹಿಡಿದು ಏದುಸಿರು ಬಿಡುತ್ತಿದ್ದ ಬಿಳಿ ಮುದುಕರೊಬ್ಬರನ್ನು "ಬರ್ರಿ, ಕೂಡ್ರಿ" ಎಂದು ಕರೆದು ಅದರ ಮೇಲೆ ಕೂರಿಸಿಯೇಬಿಟ್ಟಳು. ಮುದುಕರು ಥ್ಯಾಂಕ್ಯೂ ಎಂದು ಹಾಯಾಗಿ ಕಾಲು ಚಾಚಿದರು. ಕುರ್ಚಿ ಸಣ್ಣಗೆ ಕಿರುಗುಟ್ಟಿತು. ಅದರ ಮೇಲೆ ಯಾರೂ ಕೂರದೆ ಎಷ್ಟೋ ತಲೆಮಾರುಗಳೇ ಕಳೆದಿದ್ದವು.

ಬಾಗಿಲಲ್ಲಿ ನಿಂತಿದ್ದ ಸೊಸೆ ಐಶ್ವರ್ಯಾಳ ಎದೆ ಧಸಕ್ಕೆಂದಿತು. ಈಗ ಪ್ರವಾಸಿಗರಿಗೆ ತೆರೆದಿಟ್ಟಿರುವ ಪಶ್ಚಿಮ ಲಂಡನ್ನಿನ ಈ ಹಳೆಯ ಶ್ರೀಮಂತರ ಬಂಗಲೆಯಲ್ಲಿ ಕೋಣೆ ನೋಡಿಕೊಳ್ಳುವ ವಾಲಂಟಿಯರ್ ಆಗಲು ಅವಳಿಗಿದು ಪರೀಕ್ಷೆಯ ದಿನ. ಸಂಬಳವಿಲ್ಲದ ಕೆಲಸ; ಪರೀಕ್ಷೆ ಮಾತ್ರ ಇತ್ತು. ರುದ್ರೇಶನ ಹೆಂಡತಿಯಾಗಿ ಲಂಡನ್ ಹೊರವಲಯದ ರೇನರ್ಸ್ ಲೇನ್‌ಗೆ ಬಂದಿಳಿದ ಮೇಲೆ ಅವಳ ಹೆಸರು ಹಿಡಿದು ಯಾರಾದರೂ ಕರೆದದ್ದೆಂದರೆ ಇಲ್ಲೇ ಮೊದಲು. ಇದು ಕೈತಪ್ಪಿದರೆ ಮತ್ತೆ ಅದೇ ಅಡುಗೆಮನೆಯ ಕಿಟಕಿ. ಮಂಚ ಯಾವ ಡ್ಯೂಕನದು, ಪರದೆಯ ರೇಷ್ಮೆ ಎಲ್ಲಿಯದು ಎಲ್ಲವನ್ನೂ ಅವಳು ಬಾಯಿಪಾಠ ಮಾಡಿದ್ದಳು. ಬೆಳಗಿನಿಂದ ಯಾರೂ ಕೇಳಿರಲಿಲ್ಲ. ಅತ್ತೆಯನ್ನು ಮುಂದಿನ ವಾರ ಕರೆತನ್ನಿ ಎಂದು ಗಂಡನನ್ನು ಬೇಡಿಕೊಂಡಿದ್ದಳು. ಅವನು ಇವತ್ತೇ ಕರೆತಂದು, ಆಫೀಸಿನ ಕಾಲ್ ಬಂತೆಂದು ತಾನು ತೋಟದಲ್ಲೇ ಉಳಿದುಬಿಟ್ಟಿದ್ದ.

"ಅತ್ತಿ, ಯಾರೂ ಕೂಡಬಾರದಂತ ಆ ಕಾಯಿ ಇಟ್ಟಿರ್ತಾರ್ರಿ" ಎಂದಳು ಪಿಸುದನಿಯಲ್ಲಿ. "ಬ್ಯಾಡ ಅಂತ ಬಾಯಿಲೆ ಹೇಳೂದಿಲ್ಲ ಇವ್ರು."

"ಮನಿಗೆ ಬಂದವ್ರಿಗೆ ಮುಳ್ಳು ತೋರಸ್ತಾರೇನು?"

"ಇದು ನಮ್ಮ ಮನಿ ಅಲ್ಲ್ರಿ."

"ಬಾಗಲದಾಗ ನೀ ನಿಂತೀ ಅಂದಮ್ಯಾಲೆ ಇವತ್ತಿಗೆ ನಮ್ಮನಿನ. ಹಿಂಗ ಕಂಬದಗತೆ ನಿಂತ್ರ ಬಂದವ್ರು ಏನ್ ಅನ್ಕೋಬೇಕು? ಹೋಗು, ಇವ್ರಿಗೆ ಒಂದೀಟು ನೀರು ತಾ."

ಐಶ್ವರ್ಯಾ ನೀರು ತರಲಿಲ್ಲ. ಆದರೆ ಕೋಣೆಯ ಕಳೆಯೇ ಬದಲಾಗಿಬಿಟ್ಟಿತು. ಒಂದು ಫೋಟೊ ಹೊಡೆದು ಮುಂದೆ ಹೋಗುತ್ತಿದ್ದ ಜನ ನಿಂತು ನಗತೊಡಗಿದರು. ಬಸಲಿಂಗವ್ವ ಒಬ್ಬೊಬ್ಬರನ್ನೂ ಕೈಮುಗಿದು ಒಳಗೆ ಕರೆದಳು, ಒಂದು ಮಗುವಿನ ಗಲ್ಲ ಹಿಡಿದಳು. ಆಮೇಲೆ ಸೊಸೆಯತ್ತ ಕೈ ಮಾಡಿ, ಕೇಳಿದವರಿಗೂ ಕೇಳದವರಿಗೂ ಅಚ್ಚ ಕನ್ನಡದಲ್ಲಿ ಹೇಳಿದಳು: "ನಮ್ಮ ಸೊಸಿ ನೋಡ್ರಿ. ಇಷ್ಟು ದೊಡ್ಡ ಮನಿ, ಆಕೀನ ನೋಡ್ಕೊಳ್ಳಾಕತ್ತಾಳ." ಮುದುಕರು ಎಲ್ಲ ಅರ್ಥವಾದವರಂತೆ ತಲೆದೂಗಿದರು.

ಆಗಲೇ ಮೇಲ್ವಿಚಾರಕಿ ಮಿಸೆಸ್ ಹಾಲ್ಡೇನ್ ಬಂದರು. ಅವರು ದನಿ ಏರಿಸಲಿಲ್ಲ, ಏರಿಸಿದ್ದರೆ ವಾಸಿಯಿತ್ತು. ಸುಮ್ಮನೆ ಕಿಟಕಿಯಿಂದ ಪೈನ್ ಕಾಯಿ ಎತ್ತಿಕೊಂಡು ಕುರ್ಚಿಯ ಪಕ್ಕ ನಿಂತರು. ಮುದುಕರು ಸಾರಿ, ಸಾರಿ ಎನ್ನುತ್ತ ಎದ್ದು ಹೊರಟೇಹೋದರು. ಕಾಯಿ ತನ್ನ ಜಾಗದಲ್ಲಿ ಕೂತಿತು.

ಮಿಸೆಸ್ ಹಾಲ್ಡೇನ್ ಕೈಯಲ್ಲಿದ್ದ ಕನ್ನಡಕವನ್ನು ಬಸಲಿಂಗವ್ವನತ್ತ ತಿರುಗಿಸಿದರು, ಆಮೇಲೆ ಐಶ್ವರ್ಯಾಳತ್ತ.

"ಇವರು ನಿಮ್ಮ ಕಡೆಯವರೇ?"

"ನೋ" ಎಂದಳು ಐಶ್ವರ್ಯಾ.

ಬಸಲಿಂಗವ್ವನಿಗೆ ಇಂಗ್ಲಿಷ್ ಬಾರದು. ಆದರೆ ಕನ್ನಡಕ ಯಾರಿಂದ ಯಾರತ್ತ ತಿರುಗಿತೆಂದು ನೋಡಿದ್ದಳು, ಆ ಒಂದು ಮಾತು ತಿಳಿಯದಷ್ಟು ದಡ್ಡಿಯೂ ಅಲ್ಲ. ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಕೈಚೀಲದಿಂದ ಟಿಕೆಟ್ಟು ತೆಗೆದು, ಎಲ್ಲ ಪ್ರವಾಸಿಗರೂ ತೋರಿಸುವ ಹಾಗೆ ಐಶ್ವರ್ಯಾಳ ಮುಂದೆ ಹಿಡಿದು, ಹೋಗುವುದು ಯಾವ ಕಡೆ ಎಂದು ಕೈಸನ್ನೆಯಲ್ಲಿ ಕೇಳಿದಳು.

ಬೆರಳು ತೋರಿಸಬಾರದು, ಅಂಗೈ ಬಿಚ್ಚಿ ತೋರಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಐಶ್ವರ್ಯಾ ಅಂಗೈ ಬಿಚ್ಚಿದಳು. "ದಿಸ್ ವೇ, ಪ್ಲೀಸ್."

ಅತ್ತೆ ಮರೆಯಾದ ಮೇಲೆ ಮಿಸೆಸ್ ಹಾಲ್ಡೇನ್ ಮೊದಲ ಬಾರಿ ನಕ್ಕರು. "ಚೆನ್ನಾಗಿ ನಿಭಾಯಿಸಿದಿರಿ. ಇಂಥವರು ಬರುತ್ತಾರೆ, ಏನು ಮಾಡೋಕಾಗುತ್ತೆ. ಶನಿವಾರದಿಂದ ಬನ್ನಿ" ಎಂದು ಹೆಸರು ಬರೆದ ಬ್ಯಾಡ್ಜನ್ನು ತಾವೇ ಚುಚ್ಚಿದರು. ಐಶ್ವರ್ಯಾಳಿಗೆ ಖುಷಿಯಾಗಬೇಕಿತ್ತು. ಇಂಥವರು ಎಂಬ ಮಾತಿಗೂ ಅವಳು ತಲೆಯಾಡಿಸಿದ್ದಳು.

ಊಟಕ್ಕೆ ಬಿಟ್ಟ ಕೂಡಲೇ ತೋಟಕ್ಕೆ ಓಡಿದಳು. ಗುಲಾಬಿ ಮಡಿಗಳ ಪಕ್ಕ, ಗೋಡೆಯ ಹಾಗೆ ಕತ್ತರಿಸಿದ ಎತ್ತರದ ಬೇಲಿಯ ಆಚೆ ತಾಯಿ ಮಗನ ದನಿ ಕೇಳಿಸಿತು. ಕಾಲ್ ಮುಗಿಸಿದ ರುದ್ರೇಶ ರೊಟ್ಟಿ ಮುರಿಯುತ್ತಿದ್ದ ಸದ್ದೂ ಕೇಳಿಸಿತು. ಕ್ಷಮೆ ಕೇಳಲು ಯಾವ ಮಾತಿನಿಂದ ಶುರು ಮಾಡುವುದೆಂದು ತಿಳಿಯದೆ ಅವಳು ಈಚೆಯೇ ನಿಂತಳು.

"ಒಳಗ ಐಶ್ವರ್ಯಾ ಸಿಕ್ಕಿದ್ಲೇನವ್ವಾ?" ಎಂದು ಕೇಳಿದ ರುದ್ರೇಶ.

"ಇಲ್ಲಪ್ಪ" ಎಂದಳು ಬಸಲಿಂಗವ್ವ. "ಯಾರೋ ಒಬ್ಬಾಕಿ ಇದ್ಲು. ದಾರಿ ಭಾಳ ಚಂದ ತೋರಿಸಿದ್ಲು."