ಮೂಲೆಯ ನಾಲ್ಕು ಚೌಕ

ಈ ವಾರವೂ ಆ ಮೂರ್ಖ ಮೊದಲೇ ಬಂದು ಹೋಗಿದ್ದ.

ಅನೀಲಕುಮಾರ ಸರ್ ಕನ್ನಡಕ ಏರಿಸಿಕೊಂಡು ಜಿಲ್ಲೆಯ ವಾರಪತ್ರಿಕೆಯ ಕೊನೆಯ ಪುಟವನ್ನು ದಿಟ್ಟಿಸಿದರು. ಪದಬಂಧ ಆಗಲೇ ತುಂಬಿತ್ತು. ಪೆನ್ಸಿಲ್ಲಿನ ದಪ್ಪ ಅಕ್ಷರಗಳು. ಉತ್ತರ ಎಂದಿನಂತೆ ತಪ್ಪು. ಇಂಡಿ ಪಟ್ಟಣದ ಗ್ರಂಥಾಲಯದಲ್ಲಿ ಎರಡು ವರ್ಷದಿಂದ ಇದೇ ಹಾಡು.

"ಏನಪಾ ರೇವಪ್ಪ, ನನಗಿಂತ ಮೊದಲ ಇಲ್ಲಿ ಯಾವ ದಡ್ಡ ಬರ್ತಾನ?"

ಗ್ರಂಥಪಾಲಕ ರೇವಪ್ಪ ಆಕಳಿಸಿದ. "ಯಾರೂ ಇಲ್ರಿ ಸರ. ಕಸ ಹೊಡದ ಮ್ಯಾಲೆ ಬಾಗಲಾ ತಗಿಯೂದು. ಮೊದಲ ಬರವ್ರು ನೀವ."

ಹಾಗಿದ್ದರೆ ದಡ್ಡ ಎದುರಿಗೇ ಕುಳಿತು ಆಕಳಿಸುತ್ತಿದ್ದಾನೆ ಎಂದು ಸರ್ ತೀರ್ಮಾನಿಸಿದರು. ಪುಸ್ತಕ ಕಾಯುವವನಿಗೆ ಪುಸ್ತಕದ ಗಾಳಿಯೂ ಸೋಕಿಲ್ಲ. ದೀಪದ ಬುಡಕ್ಕೇ ಕತ್ತಲೆ.

ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿ, ಸಾವಿರಾರು ಉತ್ತರಪತ್ರಿಕೆ ತಿದ್ದಿದ ಕೈ ಅದು. ತಪ್ಪು ಕಂಡರೆ ಸುಮ್ಮನಿರಲು ಅದಕ್ಕೆ ಬರುತ್ತಿರಲಿಲ್ಲ. ಮದುವೆಯ ಲಗ್ನಪತ್ರಿಕೆಯನ್ನೂ ತಿದ್ದಿ ಬೀಗರಿಗೆ ವಾಪಸು ಕೊಟ್ಟ ಮನುಷ್ಯ.

ಆದರೆ ಈ ಸಲದ್ದು ಬರೀ ಕೈತುರಿಕೆ ಆಗಿರಲಿಲ್ಲ. ಸಿಂದಗಿಯಲ್ಲಿ ನೃತ್ಯೋತ್ಸವ ನಡೆಯಲಿತ್ತು. ಅದಕ್ಕಾಗಿ ಪತ್ರಿಕೆ, ಹೋದ ವಾರವೇ ಸಾರಿದಂತೆ, 'ನೃತ್ಯ ವಿಶೇಷ' ಪದಬಂಧ ಪ್ರಕಟಿಸಿತ್ತು. ಪೂರ್ತಿ ಸರಿ ಉತ್ತರವನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿದವರಿಗೆ ವೇದಿಕೆಯ ಮೇಲೆ ಶಾಲು ಹೊದಿಸಿ ಸನ್ಮಾನ. ಸರ್ ನಿವೃತ್ತರಾದ ದಿನ ಕಾಲೇಜಿನವರು ಚಹಾ ಕುಡಿಸಿ ಕಳಿಸಿದ್ದರು. ಶಾಲು ಹೊದಿಸಿರಲಿಲ್ಲ. ಆ ಅವಮಾನ ಇನ್ನೂ ಆರಿರಲಿಲ್ಲ. ಅಗರಖೇಡದ ಅಳಿಯನಿಂದ ಹಿಡಿದು ಕ್ಷೌರದಂಗಡಿಯವನವರೆಗೆ ಎಲ್ಲರಿಗೂ ಅವರು ಆಗಲೇ ಹೇಳಿಟ್ಟಿದ್ದರು: "ಸಿಂದಗಿಗೆ ಬರ್ರಿ, ನನಗ ಸನ್ಮಾನ ಐತಿ."

ಅಸ್ಸಾಮಿನ ಕುಣಿತ ಯಾವುದು ಎಂದರೆ ಆ ಮೂರ್ಖ 'ಗರ್ಬಾ' ಎಂದು ಬರೆದಿದ್ದ. ಸರ್ ಹೊಡೆದು ಹಾಕಿ 'ಬಿಹು' ಬರೆದರು. ಆಂಧ್ರದ ನೃತ್ಯಕ್ಕೆ 'ಕಥಕ್ಕಳಿ'. ಥೂ! 'ಕೂಚಿಪೂಡಿ' ಬರೆದರು. ಕೇರಳದ ಹೆಂಗಸರ ನೃತ್ಯಕ್ಕೆ 'ಭರತನಾಟ್ಯ'ವಂತೆ. ಅದರ ಪಕ್ಕದಲ್ಲಿ 'ಮೋಹಿನಿಯಾಟ್ಟಂ' ಎಂದು ಬರೆದು, 'ಸೊನ್ನೆ' ಎಂದು ಅಂಕವನ್ನೂ ಕೊಟ್ಟರು. ಒಂದು ಮಾತು ಮಾತ್ರ ವಿಚಿತ್ರವಾಗಿತ್ತು. ತಪ್ಪುಗಳೆಲ್ಲ ಚೌಕಕ್ಕೆ ಸರಿಯಾಗಿ ಕೂತಿದ್ದವು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಎಣಿಸಲಾದರೂ ಬರುತ್ತದಲ್ಲ ಎಂದು ಸರ್ ಮೂಗು ಮುರಿದರು.

ಕೊನೆಗೆ ಉಳಿದದ್ದು ಮೂಲೆಯ ನಾಲ್ಕು ಚೌಕ. ಬೇರೆ ಯಾವ ಪದವೂ ಅವನ್ನು ಹಾದು ಹೋಗುತ್ತಿರಲಿಲ್ಲ. 'ಗೆಜ್ಜೆ ಕಟ್ಟಿ ಹಾಡುತ್ತ ಕುಣಿಯುವ ನಮ್ಮ ಭಾಗದ ಗುಂಪು ನೃತ್ಯ.' ಪೆನ್ಸಿಲ್ಲಿನಲ್ಲಿ 'ಹೆಜ್ಜೆಮೇಳ' ಎಂದಿತ್ತು.

ಸರ್ ನಕ್ಕೇಬಿಟ್ಟರು. ಹೊಲದ ಕೆಲಸ ಮುಗಿಸಿ ಬಂದವರು ಊರಬಾಗಿಲ ಅಗಸಿಯಲ್ಲಿ ಕುಣಿಯುವುದನ್ನು ಪತ್ರಿಕೆಯವರು ಕೇಳುತ್ತಾರೆಯೇ? ಇಷ್ಟೆಲ್ಲ ತಪ್ಪು ಬರೆದ ಗಿರಾಕಿ ಇದೊಂದನ್ನು ಸರಿ ಬರೆಯುತ್ತಾನೆಯೇ? ಎರಡು ಗೆರೆ ಎಳೆದು 'ವೀರಗಾಸೆ' ಎಂದು ಬರೆದರು. ಅಲ್ಲೇ ಕೂತು ಎಲ್ಲವನ್ನೂ ಕಾರ್ಡಿಗೆ ಇಳಿಸಿದರು.

ಶೆಟ್ಟೆವ್ವ ಪಕ್ಕದ ಮೇಜು ಒರೆಸುತ್ತಿದ್ದಳು. ಕಸ ಹೊಡೆಯುವುದು, ನೀರು ತುಂಬುವುದು, ಹಳೆಯ ಪತ್ರಿಕೆಗಳನ್ನು ಹೆಸರು, ತಾರೀಖಿನ ಪ್ರಕಾರ ಜೋಡಿಸಿಡುವುದು ಅವಳ ಕೆಲಸ. ಎರಡು ವರ್ಷದ ಹಿಂದೊಮ್ಮೆ, "ಈ ಚೌಕದಾಗ ಏನ್ ಬರ್ತೈತ್ರಿ ಸರ?" ಎಂದು ಬಗ್ಗಿ ಕೇಳಿದ್ದಳು. ಸರ್ ಪದಬಂಧದ ಮೇಲೆ ಅಂಗೈ ಮುಚ್ಚಿ, "ನಿನಗ್ಯಾಕ ಬೇಕವಾ ಅದು? ಕಸ ಹೊಡಿ ಹೋಗು" ಎಂದಿದ್ದರು. ಆಮೇಲೆ ಅವಳು ಕೇಳಿರಲಿಲ್ಲ.

"ಎಲ್ಲಾ ತಿದ್ದಿದ್ರೇನ್ರಿ ಸರ?" ಎಂದಳು ಈಗ.

"ತಿದ್ದೇನಿ. ನಿನಗ ತಿಳಿಯೂದಲ್ಲ ಬಿಡು."

"ಹೌದ್ರಿ" ಎಂದು ಶೆಟ್ಟೆವ್ವ ಆ ಪತ್ರಿಕೆಯನ್ನು ಜೋಪಾನವಾಗಿ ಮಡಿಚಿ ಒಳಗೆ ಒಯ್ದಳು.

ನೃತ್ಯೋತ್ಸವದ ದಿನ ಸರ್ ಇಸ್ತ್ರಿ ಮಾಡಿದ ಕೋಟು ತೊಟ್ಟು ಸಿಂದಗಿಯ ಮಂಟಪದ ಮುಂದಿನ ಸಾಲಿನಲ್ಲೇ ಕುಳಿತರು. ಅಳಿಯನೂ ಬಂದಿದ್ದ. ಹಿಂದಿನ ಸಾಲುಗಳಲ್ಲಿ ಇಂಡಿಯ ಒಂದಷ್ಟು ಜನ ಕಂಡರು. ರೇವಪ್ಪನೂ ಇದ್ದ, ಶೆಟ್ಟೆವ್ವನೂ ಇದ್ದಳು. ನೋಡಲಿ, ಜಾಣತನಕ್ಕೆ ಏನು ಸಿಗುತ್ತದೆ ಎಂದು ಒಮ್ಮೆಯಾದರೂ ನೋಡಲಿ ಎಂದುಕೊಂಡರು ಸರ್.

ಸಂಪಾದಕರು ಮೈಕಿನ ಮುಂದೆ ಬಂದರು. "ಪೂರ್ತಿ ಸರಿ ಉತ್ತರ ಬಂದಿದ್ದು ಒಂದ ಕಾರ್ಡಿನಾಗ. ಮೂಲಿ ಒಳಗಿನ ಹೆಜ್ಜೆಮೇಳದಾಗ ಭಾಳ ಮಂದಿ ಬಿದ್ರು. ಗೆದ್ದವ್ರು ಇಂಡಿ ಗ್ರಂಥಾಲಯದವ್ರು."

'ಇಂಡಿ' ಎನ್ನುವಷ್ಟರಲ್ಲಿ ಸರ್ ಎದ್ದು ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲ ಹತ್ತಿರ ಹೋಗಿಯೇ ಬಿಟ್ಟಿದ್ದರು. ಅದರ ಹಿಂದಿನ ಹೆಜ್ಜೆಮೇಳವಾಗಲಿ ಮುಂದಿನ ಮಾತಾಗಲಿ ಅವರ ಕಿವಿಗೆ ಬಿದ್ದಿರಲೇ ಇಲ್ಲ.

"ಸ್ವಲ್ಪ ದಾರಿ ಬಿಡ್ರಿ ಸರ" ಎಂದು ಬೆನ್ನ ಹಿಂದಿನಿಂದ ಯಾರೋ ಅಂದರು.

ಶೆಟ್ಟೆವ್ವ ಸೆರಗು ಸರಿಪಡಿಸಿಕೊಂಡು ಅವರನ್ನು ದಾಟಿ ಮೇಲೆ ಹೋದಳು. ಸಂಪಾದಕರು ಶಾಲು ಹೊದಿಸಿದರು. ಅಳಿಯ ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು.

"ಇಷ್ಟೆಲ್ಲಾ ಕುಣಿತ ನಿನಗ ಹೆಂಗ ಗೊತ್ತಾದ್ವು ಯವ್ವಾ?" ಎಂದು ಸಂಪಾದಕರು ಮೈಕು ಅವಳ ಬಾಯಿಯ ಹತ್ತಿರ ಹಿಡಿದರು.

"ಹೆಜ್ಜಿ ಮ್ಯಾಳ ಒಂದ ನನಗ ಗೊತ್ತಿತ್ರಿ, ನಮ್ಮಪ್ಪ ಕುಣೀತಿದ್ದ," ಎಂದಳು ಶೆಟ್ಟೆವ್ವ, ಮೆಟ್ಟಿಲ ಬಳಿ ನಿಂತವರ ಕಡೆ ಕೈಮುಗಿದು. "ಉಳದದ್ದು ನಮ್ಮ ಸರ್ದು. ಕೇಳಿದ್ರ ಹೇಳಂಗಿಲ್ರಿ ಅವ್ರು. ತಪ್ಪ ಬರದಿಟ್ರ ಮಾತ್ರ ತಾವ ತಿದ್ದಿಕೊಟ್ಟ ಹೋಗ್ತಾರ."