ವರನ ಮನೆಯ ನೀರು

ಜನ ಮಳೆಯನ್ನೇ ಮರೆತ ಮೇಲೆ, ಹೆಣ್ಣು ನೋಡಲು ಬಂದವರು ಮೊದಲು ಆ ಮನೆಯ ಬಚ್ಚಲ ನೀರು ಕುಡಿಯುತ್ತಿದ್ದರು.

ನೀಲಗಂಗಾ ನಿನ್ನೆ ಮಿಂದ ನೀರು ಹಿತ್ತಲಲ್ಲಿ ಮರಳು, ಇದ್ದಿಲು, ಕಾಬಾಳೆ ಗಿಡದ ಬೇರು ದಾಟಿ ಗಡಿಗೆಗೆ ಇಳಿದಿತ್ತು. ಅದನ್ನೇ ತಂಬಿಗೆಯಲ್ಲಿ ತಂದಿಟ್ಟಳು.

ವರನ ತಾಯಿ ಕುಡಿದು ಕಣ್ಣರಳಿಸಿದಳು. "ನಮ್ಮಜ್ಜಿ ಹೇಳ್ತಿದ್ದ ಮಳಿ ನೀರು ಹಿಂಗ ಇರಬೇಕ್ರಿ! ಹುಡುಗಿ ನಮಗ ಪಸಂದ ಆದ್ಲು."

ಅಪ್ಪ ಸಕ್ಕರೆ ಹಂಚಲು ಎದ್ದ.

"ತಡಿ ಅಪ್ಪಾ." ನೀಲಗಂಗಾ ಯಾವ ಹುಡುಗಿಯೂ ಕೇಳದ್ದನ್ನು ವರನಿಗೆ ಕೇಳಿದಳು. "ನಿಮ್ಮ ಮನಿ ನೀರು ತಂದೀರೇನ್ರಿ?"

ಅವನು ದಾರಿಗೆಂದು ತಂದಿದ್ದ ಬಾಟಲಿ ಕೊಟ್ಟ. ಮುಚ್ಚಳ ತೆಗೆದರೆ ಸಾಬೂನಿನ ವಾಸನೆ!

"ಇನ್ನೊಮ್ಮೆ ಸೋಸ್ಕೊಂಡು ಬರ್ರಿ. ಆಮ್ಯಾಲ ನನ್ನ ಪಸಂದ ಹೇಳ್ತೀನಿ."

ಅಪ್ಪ ಸಕ್ಕರೆ ತಟ್ಟೆ ಕೆಳಗಿಟ್ಟ. ವರ ಮಾತ್ರ ಹಿತ್ತಲ ಕಡೆ ನೋಡಿ ನಕ್ಕ.

"ಹಂಗಾದ್ರ ಆ ಕಾಬಾಳಿ ಗಡ್ಡಿ ಒಂದೆರಡು ಕೊಡ್ರಿ."